ಟೈರಿನ ವಯಸ್ಸು ಕೇಳಿದರೆ ಸಿಟ್ಟೇಕೆ?

ಕಾರಿಗೆ ಟೈರು ಕೊಳ್ಳಲು ಹೊರಟವರ ಪಾಡು ಯಾರಿಗೂ ಬೇಡ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ನಾನು ಕೇಳಿದ್ದು 185/65 ಆರ್15 ಅಳತೆಯದ್ದು, ಅಂದರೆ 185 ಮಿಲಿಮೀಟರ್ ಅಗಲದ್ದು; ಅವರು ಉರುಳಿಸಿಕೊಂಡು ತಂದದ್ದು 175ರದ್ದು. "ಎಲ್ಲರೂ ಇದನ್ನೇ ಹಾಕಿಸುತ್ತಾರೆ ಸರ್, ಏನೂ ಆಗುವುದಿಲ್ಲ" ಎಂಬ ಸಮಾಧಾನ ಬೇರೆ. ಹಾಗಾದರೆ ಕಾರು ತಯಾರಿಸಿದವರು ಬಾಗಿಲ ಪಕ್ಕದ ಚೀಟಿಯಲ್ಲಿ ಅಳತೆ ಬರೆದಿರುವುದು ಯಾರಿಗಾಗಿ?

ಅದಕ್ಕಿಂತ ಹೊಟ್ಟೆ ಉರಿಸುವುದು ತಯಾರಿಕೆಯ ದಿನಾಂಕದ ವಿಷಯ. ಟೈರಿನ ಪಕ್ಕೆಯಲ್ಲಿ ಪುಟ್ಟ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಧೂಳು ಒರೆಸಿ ಅದನ್ನು ಓದಲು ಬಗ್ಗಿದರೆ ಸಾಕು, ಅಂಗಡಿಯವರ ಮುಖ ಗಂಟಾಗುತ್ತದೆ. ಬಳಸದೆ ಇಟ್ಟರೂ ರಬ್ಬರು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಬೆಂಗಳೂರಿಗೆ ಹೋಗುವವನು ನಾನು. ಪ್ರತಿ ಚಕ್ರದಲ್ಲೂ ನೆಲ ಹಿಡಿಯುವುದು ಅಂಗೈಯಷ್ಟು ರಬ್ಬರು ಮಾತ್ರ. ಅದರ ವಯಸ್ಸನ್ನೂ ಕೇಳಬಾರದೇ?

ಹಳೆಯ ದಾಸ್ತಾನಾದರೆ ಹಾಗೆಂದು ಹೇಳಿ ಬೆಲೆ ಇಳಿಸಲಿ, ಬೇಕಾದವರು ಕೊಳ್ಳುತ್ತಾರೆ. ಕೊನೆಗೆ ಬಿಲ್ಲಿನಲ್ಲಿ ಆ ನಾಲ್ಕು ಅಂಕಿಗಳನ್ನಾದರೂ ಬರೆದುಕೊಡಿ ಎಂದೆ. ಅದಕ್ಕೂ ಒಪ್ಪಲಿಲ್ಲ.