12 ಪೌಂಡಿನ ಶನಿವಾರ

ಹೋದ ಶನಿವಾರ ಎರಡು ರೈಲು, ಒಂದು ಬಸ್ಸು ಹಿಡಿದು ಇಂಗ್ಲೆಂಡಿನ ಒಂದು ಸಣ್ಣ ಊರಿನ ಫುಟ್‌ಬಾಲ್ ಗ್ರೌಂಡಿಗೆ ಹೋದೆ. ಗೇಟು ಅರ್ಧ ಮುಚ್ಚಿತ್ತು. ಒಳಗೆ ಒಬ್ಬ ಅಜ್ಜ ಗಮ್‌ಬೂಟ್ ಹಾಕಿಕೊಂಡು, ತೋಟದಲ್ಲಿ ಮಣ್ಣು ಸಡಿಲ ಮಾಡುವ ಫೋರ್ಕ್ ಹಿಡಿದು, ಪೆನಾಲ್ಟಿ ಬಾಕ್ಸಿನಲ್ಲಿ ನಿಂತ ನೀರಿಗೆ ಚುಚ್ಚುತ್ತಿದ್ದರು. ರೆಫ್ರಿ ಬಂದು ಸೊಂಟದ ಎತ್ತರದಿಂದ ಚೆಂಡು ಬಿಟ್ಟು ನೋಡಿದರಂತೆ. ಅದು ಪುಟಿಯಲಿಲ್ಲ. ಪಚಕ್ ಅಂತ ಅಲ್ಲೇ ಕೂತಿತಂತೆ. ಮ್ಯಾಚ್ ಮುಂದಕ್ಕೆ ಹೋಯಿತು. ಕ್ಲಬ್ಬಿನವರು ಬೆಳಿಗ್ಗೆಯೇ ಫೋನಿನಲ್ಲಿ ಹಾಕಿದ್ದರು. ನಾನು ರೈಲಿನಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದೆ.

ಅಜ್ಜ ನನ್ನ ಮುಖ ನೋಡಿ ಕ್ಲಬ್‌ಹೌಸ್ ಬಾಗಿಲು ತೆಗೆದು ಟೀ ಕೊಟ್ಟರು. ಇಬ್ಬರೂ ಕಿಟಕಿಯಿಂದ ಮುಕ್ಕಾಲು ಗಂಟೆ ಆ ನೀರನ್ನೇ ನೋಡುತ್ತಾ ಕೂತೆವು.

ಮನೆಗೆ ಬಂದಾಗ ನನ್ನ ಹೆಂಡತಿ ಕೇಳಿದ್ದು ಇಷ್ಟು: "ರೀ, ನೀರು ನಿಂತ ಗದ್ದೆ ನೋಡೋಕೆ ಐದು ಗಂಟೆ ಓಡಾಡಿದ್ರಾ? ನಮ್ಮ ತೀರ್ಥಹಳ್ಳಿಲಿ ಬಿಟ್ಟಿ ಸಿಗ್ತಿತ್ತಲ್ಲ."

ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೂ ಇಂಥ ಸಣ್ಣ ಕ್ಲಬ್ಬುಗಳ ಗ್ರೌಂಡು ಹುಡುಕಿಕೊಂಡು ಅಲೆಯುವ ಈ ಹುಚ್ಚಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಂಡನ್ನಿನಲ್ಲಿ ಇದ್ದುಕೊಂಡು ಆರ್ಸೆನಲ್, ಚೆಲ್ಸಿಯಂಥ ದೊಡ್ಡ ಕ್ಲಬ್ಬು ಬಿಟ್ಟು ಇದೇನಪ್ಪಾ ಅಂತ ಊರಿನ ಗೆಳೆಯರು ಪ್ರತಿ ಫೋಟೋದ ಕೆಳಗೂ ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ಡಿವಿಷನ್ ಸೇರಿದರೆ 92 ಕ್ಲಬ್. ಅದರ ಕೆಳಗಿನದ್ದೆಲ್ಲ ನಾನ್-ಲೀಗ್. ಹೆಸರು ಕೇಳಿ ಲೀಗೇ ಇಲ್ಲ ಅಂದುಕೊಳ್ಳಬೇಡಿ. ಲೀಗಿನ ಕೆಳಗೆ ಲೀಗು, ಅದರ ಕೆಳಗೆ ಇನ್ನೊಂದು, ಬಾವಿಯ ಮೆಟ್ಟಿಲಿನ ಥರ ಇಳಿಯುತ್ತಲೇ ಹೋಗುತ್ತದೆ. ಮೇಲಿನ ಒಂದೆರಡು ಮೆಟ್ಟಿಲಲ್ಲಿ ಆಟವೇ ಹೊಟ್ಟೆಪಾಡು ಮಾಡಿಕೊಂಡವರೂ ಇದ್ದಾರೆ. ನಾನು ಹೋಗುವುದು ಅದಕ್ಕಿಂತ ಕೆಳಗೆ. ಅಲ್ಲಿ ಎಡಗಡೆ ಓಡುವವನು ವಾರವೆಲ್ಲ ನಲ್ಲಿ ರಿಪೇರಿ ಮಾಡುತ್ತಾನೆ, ಗೋಲ್‌ಕೀಪರ್ ಯಾವುದೋ ಶಾಲೆಯಲ್ಲಿ ಮೇಷ್ಟ್ರು. ಟಿಕೆಟ್ ಹತ್ತೋ ಹನ್ನೆರಡೋ ಪೌಂಡ್.

ಮೊದಲು ಬೇಲಿಯ ಬಗ್ಗೆ ಹೇಳಬೇಕು. ಸೊಂಟದ ಎತ್ತರದ ಒಂದು ಕಬ್ಬಿಣದ ಕಂಬಿ, ಅಷ್ಟೇ. ಅದಕ್ಕೆ ಮೊಣಕೈ ಊರಿ ನಿಂತರೆ ಥ್ರೋ ಹಾಕಲು ಬಂದವನ ಉಸಿರು ಕೇಳುತ್ತದೆ. ಇಬ್ಬರು ತಲೆ ಕೊಟ್ಟರೆ ತೆಂಗಿನಕಾಯಿ ಒಡೆದ ಹಾಗೆ ಸದ್ದು. ಟಿವಿಯಲ್ಲಿ ಇಪ್ಪತ್ತು ವರ್ಷ ಫುಟ್‌ಬಾಲ್ ನೋಡಿದವನಿಗೆ ಈ ಆಟದಲ್ಲಿ ಇಷ್ಟೊಂದು ಮಾತಿದೆ ಅನ್ನೋದೇ ಮರೆತುಹೋಗಿತ್ತು. ಹನ್ನೊಂದು ಜನವೂ ತೊಂಬತ್ತು ನಿಮಿಷ ಕೂಗುತ್ತಲೇ ಇರುತ್ತಾರೆ. ಅರ್ಧ ಬೈಗುಳ, ಇನ್ನರ್ಧ ದಾರಿ ಹೇಳುವುದು.

ಒಂದು ಸಲ ಗೋಲಿನ ಹಿಂದೆ ನಿಂತಿದ್ದೆ. ಪಕ್ಕದಲ್ಲಿ ನಾಲ್ಕೈದು ಮುದುಕರು, ಎದುರಾಳಿ ಕೀಪರ್ ಸ್ವಲ್ಪ ದಪ್ಪ. "ಊಟ ಆಯ್ತೇನಪ್ಪಾ? ಹೊಟ್ಟೆ ನೋಡಿದ್ರೆ ಎರಡು ಸಲ ಆಗಿದೆ" ಅಂತ ಒಬ್ಬರು ಕೂಗಿದರು. ಚೆಂಡು ಆ ತುದಿಯಲ್ಲಿತ್ತು. ಕೀಪರ್ ತಿರುಗಿ ಕೂಡ ನೋಡಲಿಲ್ಲ. "ಮೂರು ಸಲ. ಕ್ಯಾಂಟೀನಿನಲ್ಲಿ ಚಿಪ್ಸ್ ಖಾಲಿ ಆಗಿರೋದು ಯಾಕೆ ಅಂದ್ಕೊಂಡ್ರಿ?" ಅಂದ. ಅಷ್ಟೇ, ಆಮೇಲೆ ಪೂರ್ತಿ ಮ್ಯಾಚ್ ಆ ಮುದುಕರು ಅವನ ಪಾರ್ಟಿ. ಅರ್ಧ ಆಟ ಮುಗಿದ ಮೇಲೆ ಎರಡೂ ಕಡೆಯ ಜನ ಗೋಲು ಬದಲಾಯಿಸಿಕೊಳ್ಳುತ್ತಾರೆ, ತಮ್ಮವರು ಹೊಡೆಯುವ ಕಡೆಗೆ. ದಾರಿಯಲ್ಲಿ ಎದುರಾದರೆ "ನಿಮ್ಮ ಆ ಏಳನೇ ನಂಬರ್ ಚೆನ್ನಾಗಿ ಆಡ್ತಾನೆ" ಅಂತ ಹೇಳಿ ಮುಂದೆ ಹೋಗುತ್ತಾರೆ. ಕೈಯಲ್ಲಿ ಬಿಯರ್ ಗ್ಲಾಸ್ ಕೂಡ ಇರುತ್ತದೆ. ಮೇಲಿನ ಐದು ಹಂತಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ನಿಂತು ಕುಡಿಯುವ ಹಾಗಿಲ್ಲ, 1985ರ ಕಾನೂನು. ಕೆಳಗೆ ಆ ಕಾಟ ಇಲ್ಲ.

ಊಟದ ವಿಷಯ ಬಂದರೆ ನನ್ನಂಥ ಸಸ್ಯಾಹಾರಿಗೆ ಚಿಪ್ಸೇ ಗತಿ. ಮೊದಲ ಚಳಿಗಾಲದಲ್ಲಿ ಎಲ್ಲರ ಕೈಯಲ್ಲೂ ಹೊಗೆಯಾಡುವ ಕಪ್ಪು ಪಾನೀಯ ನೋಡಿ, ಏನೋ ಕಷಾಯ ಇರಬೇಕು ಅಂತ ನಾನೂ ಒಂದು ಕೇಳಿದೆ. ಬೊವ್ರಿಲ್. ಮೂಗಿನ ಹತ್ತಿರ ತಂದಾಗ ಅನುಮಾನ ಬಂತು. ಕೇಳಿದರೆ ದನದ ಮಾಂಸದ ಸಾರ. ಪಕ್ಕದವರಿಗೆ ಕೊಟ್ಟೆ, ಖುಷಿಯಾಗಿ ಕುಡಿದರು. ಇನ್ನೊಂದು ಕಡೆ ಅರ್ಧ ಆಟದ ಲಾಟರಿಯಲ್ಲಿ ನನ್ನ ನಂಬರ್ ಬಂತು. ಬಹುಮಾನ, ಊರಿನ ಕಸಾಯಿಯವರು ಕೊಟ್ಟ ಒಂದು ಟ್ರೇ ಮಾಂಸ! ನಮ್ಮ ಮನೆಗೆ ಅದನ್ನು ತಂದಿದ್ದರೆ ನಾನು ಗ್ರೌಂಡಿನಲ್ಲೇ ಮಲಗಬೇಕಾಗುತ್ತಿತ್ತು. ಮತ್ತೆ ಲಾಟರಿಗೇ ಹಾಕಿ ಅಂದೆ. ಮೈಕಿನಲ್ಲಿ ನನ್ನ ಹೆಸರು ಹೇಳಿ ಥ್ಯಾಂಕ್ಸ್ ಹೇಳಿದರು. ಹೆಸರು ಮಾತ್ರ ಪೂರ್ತಿ ನುಜ್ಜುಗುಜ್ಜು.

ಹೀಗೆ ಗ್ರೌಂಡಿನಿಂದ ಗ್ರೌಂಡಿಗೆ ಅಲೆಯುವ ಹವ್ಯಾಸದವರಿಗೆ ಇಲ್ಲಿ ಗ್ರೌಂಡ್‌ಹಾಪರ್ ಅಂತ ಹೆಸರು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು, ಗೇಟಿನಲ್ಲಿ ಮೊದಲ ಪ್ರಶ್ನೆ "ಪ್ರೋಗ್ರಾಂ ಇದೆಯಾ?" ಅಂದರೆ ಆ ದಿನದ ಮ್ಯಾಚಿನ ಪುಟ್ಟ ಪುಸ್ತಕ. ಮೇಲಿನ 92 ಗ್ರೌಂಡುಗಳನ್ನೂ ನೋಡಿ ಮುಗಿಸಿದವರಿಗೆ 1978ರಿಂದ ಒಂದು ಸಂಘವೇ ಇದೆ. ಕೆಳಗಿನವರಿಗೆ ಮುಗಿಯುವ ಭಯವೇ ಇಲ್ಲ, ಅಷ್ಟಿವೆ. ಆದರೆ ಇವರಲ್ಲಿ ಕೆಲವರ ನೇಮ ನೋಡಿದರೆ ನಮ್ಮ ಮಡಿ ಅಜ್ಜಿಯರು ನೆನಪಾಗುತ್ತಾರೆ. ಒಂದು ನಿಮಿಷ ತಡವಾಗಿ ಒಳಗೆ ಬಂದರೆ ಆ ಗ್ರೌಂಡ್ ಲೆಕ್ಕಕ್ಕಿಲ್ಲ. ಗೋಲೇ ಬರದೆ ಮ್ಯಾಚ್ ಮುಗಿದರೆ ಕೆಲವರಿಗೆ ಅದೂ ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಬರಬೇಕು.

ನನಗೆ ಇದು ಸರಿ ಕಾಣುವುದಿಲ್ಲ. ಒಂದೇ ದಿನದಲ್ಲಿ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಮುಗಿಸುವ ಟೆಂಪೋ ಟ್ರಾವೆಲರ್ ಯಾತ್ರೆ ಇದೆಯಲ್ಲ, ಆ ಥರ. ದರ್ಶನ ಆಯಿತು, ಪ್ರಸಾದ ತಗೊಂಡೆವು, "ಹತ್ತಿ ಹತ್ತಿ" ಅಂದರು, ಬಸ್ಸು ಹೊರಟಿತು. ದೇವಸ್ಥಾನದ ಕಂಬ ಯಾರೂ ನೋಡಲಿಲ್ಲ. (ನಾನು ಲೆಕ್ಕ ಇಡುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಡೈರಿಯಲ್ಲಿ 61 ಆಗಿದೆ. ನೀರು ನಿಂತ ಗದ್ದೆ ಸೇರಿಸಿದರೆ 62. ಸೇರಿಸಿದ್ದೇನೆ.)

ನನಗೆ ಬೇಕಾಗಿರುವುದು ಇಂಥ ಜಾಗ ಇನ್ನೂ ಯಾಕೆ ಉಳಿದಿದೆ ಅನ್ನೋದು. ಊರಿನ ನಡುವೆ ಎರಡು ಎಕರೆ, ವಾರಕ್ಕೊಮ್ಮೆ ಮುನ್ನೂರು ಜನ ಬರುವ ಜಾಗ. ಬಿಲ್ಡರ್ ಕಣ್ಣಿಗೆ ಅದು ಎಪ್ಪತ್ತು ಫ್ಲಾಟು. ಆದರೂ ಅಲ್ಲಿ ಹುಲ್ಲಿದೆ ಅಂದರೆ ಯಾರೋ ಒಬ್ಬರು ಹಠ ಹಿಡಿದು ಕೂತಿದ್ದಾರೆ ಅಂತಲೇ ಅರ್ಥ.

ಉತ್ತರ ಇಂಗ್ಲೆಂಡಿನ ಶೆಫೀಲ್ಡಿಗೆ ಹೋದಾಗ ಇದು ನನಗೆ ತಲೆಗೆ ಹತ್ತಿತು. ಶೆಫೀಲ್ಡ್ ಎಫ್‌ಸಿ ಶುರುವಾದದ್ದು 1857ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆ ನಡೆಯುತ್ತಿದ್ದ ವರ್ಷ! ಪ್ರಪಂಚದ ಅತಿ ಹಳೆಯ ಫುಟ್‌ಬಾಲ್ ಕ್ಲಬ್. ಹೋಗಿ ನೋಡಿದರೆ ಅದು ಶೆಫೀಲ್ಡಿನಲ್ಲೇ ಇಲ್ಲ. ಪಕ್ಕದ ಡರ್ಬಿಶೈರಿನ ಡ್ರಾನ್‌ಫೀಲ್ಡ್ ಅನ್ನೋ ಊರಿನಲ್ಲಿ, ಒಂದು ಪಬ್ಬಿನ ಬೆನ್ನಿಗೆ ಅಂಟಿಕೊಂಡಿದೆ. ಆಟದ ನಿಯಮಗಳನ್ನು ಕೈಯಲ್ಲಿ ಬರೆದಿಟ್ಟಿದ್ದ ತಮ್ಮ ಮೊದಲ ಕಾಗದಪತ್ರಗಳನ್ನೇ 2011ರಲ್ಲಿ ಹರಾಜು ಹಾಕಿದರು. 8,81,250 ಪೌಂಡ್ ಬಂತು. ಅಜ್ಜಿಯ ಸರ ಮಾರಿ ಮನೆ ರಿಪೇರಿ ಮಾಡಿಸಿದ ಹಾಗೆ. ನನಗೆ ಕೇಳಿ ಹೊಟ್ಟೆ ಉರಿಯಿತು. ಗೇಟಿನಲ್ಲಿದ್ದ ಹೆಂಗಸು ಮಾತ್ರ ತಣ್ಣಗೆ, "ಕಾಗದ ಇಟ್ಕೊಂಡು ಆಡೋಕಾಗುತ್ತಾ?" ಅಂದರು.

ಶೆಫೀಲ್ಡಿನ ಇನ್ನೊಂದು ತುದಿಯಲ್ಲಿ ಹಲ್ಲಮ್ ಎಫ್‌ಸಿ, 1860ರದ್ದು. ಅವರ ಸ್ಯಾಂಡಿಗೇಟ್ ಗ್ರೌಂಡ್ ಪ್ರಪಂಚದಲ್ಲೇ ಹಳೆಯದು ಅಂತ ಗಿನ್ನೆಸ್ ಪುಸ್ತಕದಲ್ಲಿದೆ. 1860ರ ಡಿಸೆಂಬರ್ 26ರಂದು ಶೆಫೀಲ್ಡಿನವರು ಇಲ್ಲಿಗೆ ಬಂದು ಆಡಿದರು. ಗ್ರೌಂಡ್ ಇಳಿಜಾರು. ಸ್ವಲ್ಪ ಅಲ್ಲ, ನಮ್ಮ ಮಲೆನಾಡಿನ ಅಂಗಳದಷ್ಟು. ಎದುರಿನ ಮೂಲೆಯ ಕಾರ್ನರ್ ಬಾವುಟದ ಹತ್ತಿರ ನಿಂತವನು ಮಂಡಿವರೆಗೆ ನೆಲದೊಳಗೆ ಹೋದ ಹಾಗೆ ಕಾಣುತ್ತಾನೆ. ಅರ್ಧ ಆಟ ಏರು, ಅರ್ಧ ಆಟ ಇಳಿಜಾರು. ನೂರಾ ಅರವತ್ತು ವರ್ಷದಿಂದ ಅದನ್ನು ಯಾರೂ ಸಮ ಮಾಡಿಲ್ಲ. ಮಾಡಬಾರದು ಕೂಡ! ಹತ್ತಿರದ ಸ್ಟಾಕ್ಸ್‌ಬ್ರಿಜ್ ಗುಡ್ಡದ ಮೇಲೆ ಇನ್ನೊಂದು ಗ್ರೌಂಡಿದೆ. ಲೆಸ್ಟರ್ ತಂಡದಲ್ಲಿ ಆಡಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಜೇಮಿ ವಾರ್ಡಿ ಅಲ್ಲಿ ವಾರಕ್ಕೆ 30 ಪೌಂಡಿಗೆ ಆಡುತ್ತಿದ್ದ. ಈಗ ಒಂದು ಸ್ಟ್ಯಾಂಡಿಗೆ ಅವನ ಹೆಸರು. ಗಾಳಿ ಎಂಥದ್ದು ಅಂದರೆ ನನ್ನ ಚಿಪ್ಸ್ ಹಾರಿಹೋಯಿತು, ಬೇರೇನೂ ನೆನಪಿಲ್ಲ.

ಲಂಡನ್ನಿನೊಳಗೆ ನಾನು ಜಾಸ್ತಿ ಹೋಗುವುದು ಡಲ್ವಿಚ್ ಹ್ಯಾಮ್ಲೆಟ್ ಅನ್ನೋ ಕ್ಲಬ್ಬಿಗೆ. ಗುಲಾಬಿ ಮತ್ತು ನೀಲಿ ಬಣ್ಣ, ಗ್ರೌಂಡಿನ ಹೆಸರು ಚಾಂಪಿಯನ್ ಹಿಲ್. 1929ರಲ್ಲಿ ಇಲ್ಲಿ ಆಡಿಕೊಂಡೇ ಇಂಗ್ಲೆಂಡ್ ತಂಡಕ್ಕೆ ಹೋದ ಎಡ್ಗರ್ ಕೈಲ್ ಹೆಸರನ್ನು ಇವತ್ತಿಗೂ ಹಾಡುತ್ತಾರೆ. ಅವನು ಆಡಿದ್ದನ್ನು ಕಣ್ಣಾರೆ ಕಂಡವರು ಯಾರೂ ಅಲ್ಲಿಲ್ಲ. 2018ರಲ್ಲಿ ಜಾಗದ ಮಾಲೀಕರ ಜೊತೆ ಜಗಳವಾಗಿ ಕ್ಲಬ್ಬನ್ನೇ ಹೊರಗೆ ಹಾಕಿದರು. ತಿಂಗಳುಗಟ್ಟಲೆ ಬೇರೆಯವರ ಗ್ರೌಂಡಿನಲ್ಲಿ ಆಡಿ, ಆ ವರ್ಷ ಡಿಸೆಂಬರಿನಲ್ಲಿ ವಾಪಸ್ ಬಂದರು. ಊರಿನವರು ಗಲಾಟೆ ಮಾಡದೆ ಸುಮ್ನೆ ಇದ್ದಿದ್ದರೆ ಅಲ್ಲಿ ಇವತ್ತು ಬಾಲ್ಕನಿಗಳಿರುತ್ತಿದ್ದವು.

ಇದೇ ಚಾಂಪಿಯನ್ ಹಿಲ್‌ನಲ್ಲಿ 1948ರ ಒಲಿಂಪಿಕ್ಸಿನ ಫುಟ್‌ಬಾಲ್ ಮ್ಯಾಚ್ ನಡೆದಿತ್ತು. ಕೊರಿಯಾ 5, ಮೆಕ್ಸಿಕೋ 3. ಯುದ್ಧ ಮುಗಿದು ಕೈ ಖಾಲಿಯಾಗಿದ್ದ ಲಂಡನ್, ಇಂಥ ಸಣ್ಣ ಕ್ಲಬ್ಬುಗಳ ಗ್ರೌಂಡುಗಳನ್ನೂ ಬಳಸಿಕೊಂಡಿತು. ಅದೇ ಒಲಿಂಪಿಕ್ಸಿನಲ್ಲಿ, ಜುಲೈ 31ರಂದು, ಲಂಡನ್ನಿನ ಪೂರ್ವದ ಇಲ್ಫರ್ಡಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಬಹಳಷ್ಟು ಜನ ಬರಿಗಾಲು. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ಕ್ಕೆ ಸೋತರು. ನಮ್ಮ ಒಂದು ಗೋಲು ಹೊಡೆದದ್ದು ಮೈಸೂರು ತಂಡದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು.

ಇದನ್ನು ನನಗೆ ಮೊದಲು ಹೇಳಿದ್ದು ಚಿಕ್ಕಪ್ಪ. ನಾನು ಬೆಳೆದದ್ದು ಹಲಸೂರು. ಪಕ್ಕದ ಗೌತಮಪುರದಲ್ಲಿ ಬೀದಿಗೆ ಒಂದು ಟೀಮು, ಪೆಲೆಯ ಪ್ರತಿಮೆ ಕೂಡ ಇದೆ. ಚಿಕ್ಕಪ್ಪ ಶಿಫ್ಟ್ ಮುಗಿಸಿ ಬಂದು ನನ್ನನ್ನು ಸೈಕಲ್ ಮುಂದೆ ಕೂರಿಸಿಕೊಂಡು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗುತ್ತಿದ್ದ. ಐಟಿಐ, ಎಚ್‌ಎಎಲ್, ಎಂಇಜಿ, ಎಲ್ಲ ಫ್ಯಾಕ್ಟರಿ, ಮಿಲಿಟರಿ ಟೀಮುಗಳು. ಸಿಮೆಂಟ್ ಮೆಟ್ಟಿಲು, ಒಂದು ಪೊಟ್ಟಣ ಕಡಲೆಕಾಯಿ. ಆಡುವವರಲ್ಲಿ ಅರ್ಧ ಜನಕ್ಕೆ ಚಿಕ್ಕಪ್ಪ ಹೆಸರು ಹಿಡಿದು ಬೈಯುತ್ತಿದ್ದ, ಅವರು ತಿರುಗಿ ಬೈಯುತ್ತಿದ್ದರು. ಡಲ್ವಿಚ್‌ನಲ್ಲಿ ಮೊದಲ ಸಲ ಕಂಬಿಗೆ ಒರಗಿ ನಿಂತಾಗ ನನಗೆ ಹೊಸದು ಅನಿಸಲೇ ಇಲ್ಲ. ಕಡಲೆಕಾಯಿ ಮಾತ್ರ ಇರಲಿಲ್ಲ.

ಹಾಗಾಗಿ "ಒಳ್ಳೆ ಫುಟ್‌ಬಾಲ್ ಬಿಟ್ಟು ಕೆಟ್ಟ ಫುಟ್‌ಬಾಲ್ ಯಾಕೆ ನೋಡ್ತೀಯಾ" ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. ಆಟ ಕೆಟ್ಟದಾಗಿರುವುದು ನಿಜ. ಚೆಂಡು ಅರ್ಧ ಹೊತ್ತು ಪಕ್ಕದ ಮನೆಯ ಹಿತ್ತಲಲ್ಲೇ ಇರುತ್ತದೆ. ಆದರೆ ದೊಡ್ಡ ಸ್ಟೇಡಿಯಮ್ಮಿನಲ್ಲಿ ಅರವತ್ತು ಸಾವಿರ ಜನರ ನಡುವೆ ನಾನು ಬರದಿದ್ದರೆ ಏನೂ ಆಗುವುದಿಲ್ಲ, ನನ್ನ ಸೀಟಿಗೆ ಕಾಯುವವರ ಪಟ್ಟಿ ಇರುತ್ತದೆ. ಇಲ್ಲಿ ಬರುವ 200 ಜನರಲ್ಲಿ 20 ಜನ ಬರದಿದ್ದರೆ ಆ ವಾರದ ರೆಫ್ರಿ ಫೀಸಿಗೆ ಯಾರೋ ಜೇಬಿಗೆ ಕೈ ಹಾಕಬೇಕು.

ಲಂಡನ್ನಿನ ಟಾಲ್‌ವರ್ತ್‌ನ ಕೊರಿಂಥಿಯನ್-ಕ್ಯಾಶುಯಲ್ಸ್ ಕ್ಲಬ್ಬಿನ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಆಟಗಾರರಿಗೆ ಒಂದು ಪೈಸೆ ಕೊಡುವುದಿಲ್ಲ, ಅದು ಅವರ ಹಳೆಯ ಪಟ್ಟು. 1910ರಲ್ಲಿ ಇವರ ಪೂರ್ವಜರ ತಂಡವಾದ ಕೊರಿಂಥಿಯನ್ ಬ್ರೆಜಿಲ್ ಪ್ರವಾಸ ಹೋದಾಗ ಆಟ ನೋಡಿದ ಸಾವೊ ಪಾಲೊದ ಕೆಲಸಗಾರರು ಅದೇ ಹೆಸರಿನಲ್ಲಿ ಒಂದು ಕ್ಲಬ್ ಕಟ್ಟಿದರು. ಆ ಕೊರಿಂಥಿಯನ್ಸ್‌ಗೆ ಈಗ ಕೋಟಿಗಟ್ಟಲೆ ಅಭಿಮಾನಿಗಳು. ಅವರಲ್ಲಿ ಕೆಲವರು ಲಂಡನ್ನಿಗೆ ಬಂದರೆ ಈ ಪುಟ್ಟ ಗ್ರೌಂಡಿಗೆ ಹರಕೆ ತೀರಿಸುವವರ ಹಾಗೆ ಬರುತ್ತಾರೆ. ನಾನು ಹೋದ ದಿನ ಒಬ್ಬ ಬ್ರೆಜಿಲಿಯನ್ ಹುಡುಗ ಟೀ ಅಂಗಡಿಯ ಮುಂದೆ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಖಾಲಿ ಗೋಲು, ತುಕ್ಕು ಹಿಡಿದ ಕಂಬಿ, ಎಲ್ಲ ತೋರಿಸುತ್ತಿದ್ದ. ಅಮ್ಮ ಆ ಕಡೆಯಿಂದ ಅಳುತ್ತಿದ್ದರು. ನಾನು ಆ ಫ್ರೇಮಿನಿಂದ ಪಕ್ಕಕ್ಕೆ ಸರಿದೆ.

ಮುಂದಕ್ಕೆ ಹೋದ ಮ್ಯಾಚ್ ಬರುವ ಮಂಗಳವಾರ ರಾತ್ರಿ 7.45ಕ್ಕಂತೆ. ಈ ಸಲ ಫೋನ್ ನೋಡಿಕೊಂಡೇ ಹೊರಡುತ್ತೇನೆ. ಈ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಾದರೆ ಮೆಸೇಜ್ ಮಾಡಿ. ಟಿಕೆಟ್ ನನ್ನದು, ಚಿಪ್ಸ್ ನಿಮ್ಮದು. ಬಿಳಿ ಶೂ ಮಾತ್ರ ಬೇಡ.