ಹುಲ್ಲು ಕತ್ತರಿಸಲು ಪೆಟ್ರೋಲೋ, ಬ್ಯಾಟರಿಯೋ?

ನಮ್ಮ ಕಡೆ ಹುಲ್ಲು ದನದ ಬಾಯಿಗೆ ಹೋಗುತ್ತದೆ. ಅಮೆರಿಕದಲ್ಲಿ ಅದಕ್ಕೆ ಗೊಬ್ಬರ ಹಾಕಿ, ನೀರುಣಿಸಿ, ಬೆಳೆದ ಮೇಲೆ ವಾರವಾರವೂ ಕತ್ತರಿಸಿ ಅಲ್ಲೇ ಉದುರಿಸುತ್ತಾರೆ. ಈ ತರ್ಕ ನನಗೆ ಇನ್ನೂ ಒಗ್ಗಿಲ್ಲ. ಆದರೆ ಹುಲ್ಲು ಮಿತಿಮೀರಿ ಬೆಳೆದರೆ ನಗರಾಡಳಿತವೇ ನೋಟಿಸು ಅಂಟಿಸುವ ಊರುಗಳು ಇಲ್ಲಿ ಬೇಕಾದಷ್ಟಿವೆ. ಹಾಗಾಗಿ ಮನೆ ಕೊಂಡವರು ಯಂತ್ರವನ್ನೂ ಕೊಳ್ಳಲೇಬೇಕು.

ಯಾವುದನ್ನು ಕೊಳ್ಳಲಿ ಎಂದು ಇಲ್ಲಿನ ಹಳಬರನ್ನು ಕೇಳಿದರೆ ಪೆಟ್ರೋಲಿನದ್ದೇ ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಹದಿಹರೆಯದಲ್ಲಿ ಅಕ್ಕಪಕ್ಕದ ಮನೆಗಳ ಹುಲ್ಲು ಕತ್ತರಿಸಿ ಕೈಖರ್ಚಿಗೆ ದುಡಿದವರು. ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಒರೆಸುವುದು, ಏರ್ ಫಿಲ್ಟರ್ ಕೊಡವುವುದು ಅವರಿಗೆ ಕೈಗೆ ಹತ್ತಿದ ವಿದ್ಯೆ. ನಮ್ಮವರಿಗೆ ಆ ಪಾಠ ಆಗಿಲ್ಲ. ಆದರೂ ಅವರ ಮಾತು ನಂಬಿ ಅದೇ ಯಂತ್ರವನ್ನು ತರುತ್ತಾರೆ, ಚಳಿಗಾಲ ಕಳೆದು ಹೊರಗೆಳೆದಾಗ ಎಂಜಿನ್ ಶುರು ಮಾಡುವ ಹಗ್ಗ ಜಗ್ಗಿ ಜಗ್ಗಿ ರಟ್ಟೆ ಸೋತು ಕೂರುತ್ತಾರೆ.

ಇದಕ್ಕೆ ಕಾರಣ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲು. ಇಲ್ಲಿನ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ, ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನೊಳಗಿನ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚಿಬಿಡುತ್ತದೆ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಗಂಟಲು ಮಾತ್ರ ಕಟ್ಟಿರುತ್ತದೆ. ಹಿಮ ಬೀಳುವ ಮುನ್ನ ಟ್ಯಾಂಕ್ ಬರಿದು ಮಾಡುವ ಇಲ್ಲವೇ ಪೆಟ್ರೋಲು ಕೆಡದಂತೆ ತಡೆಯುವ ದ್ರಾವಣ ಬೆರೆಸುವ ಶಿಸ್ತು ನಿಮಗಿದ್ದರೆ ಸರಿ. ಇಲ್ಲವಾದರೆ ಆ ಯಂತ್ರದ ಸಹವಾಸ ಬೇಡ.

ಕಾಲು ಎಕರೆಯೊಳಗಿನ ಅಂಗಳಕ್ಕೆ ಬ್ಯಾಟರಿ ಯಂತ್ರವೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅಂಗಡಿಯಲ್ಲಿ ಯಂತ್ರದ ಬಣ್ಣಕ್ಕೂ ಚಕ್ರಕ್ಕೂ ಮರುಳಾಗದೆ ಬ್ಯಾಟರಿಯ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ದೊಡ್ಡದಾಗಿ 40 ವೋಲ್ಟ್ ಎಂದು ಬರೆದಿದ್ದರೂ ಅದು ಆಗಷ್ಟೇ ಚಾರ್ಜ್ ಆದ ಕ್ಷಣದ ಮಟ್ಟ. ಕೆಲಸದ ವೇಳೆ ಲೆಕ್ಕಕ್ಕೆ ಹಿಡಿಯಬೇಕಾದದ್ದು 36. ಅದನ್ನು ಆಂಪಿಯರ್-ಅವರ್‌ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಅಂಕಿಯಿಂದ ಗುಣಿಸಿದರೆ ಒಳಗಿರುವ ಶಕ್ತಿಯ ನಿಜವಾದ ದಾಸ್ತಾನು ಸಿಗುತ್ತದೆ: 5 ಆಂಪಿಯರ್-ಅವರ್ ಬ್ಯಾಟರಿಯಾದರೆ 180 ವ್ಯಾಟ್-ಅವರ್. ಒದ್ದೆ ಹುಲ್ಲು, ಮೊಂಡು ಬ್ಲೇಡು ಎರಡೂ ಸೇರಿದರೆ ಅದು ಕಣ್ಣೆದುರೇ ಕರಗುತ್ತದೆ. ಬ್ಲೇಡ್ ಮಸೆದು, ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲನ್ನಷ್ಟೇ ತೆಗೆದರೆ ಅದೇ ಬ್ಯಾಟರಿ ಇನ್ನಷ್ಟು ದೂರ ಬರುತ್ತದೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಬ್ಯಾಟರಿ ಸವೆದ ದಿನ ಹೊಸದರ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಕೊರೆಯುವ ಚಳಿಯಲ್ಲಿ, ಅಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ, ಅದನ್ನು ಚಾರ್ಜಿಗೆ ಹಾಕಲೂಬಾರದು.

ತಂತಿ ಎಳೆದುಕೊಂಡು ಓಡಾಡುವ ವಿದ್ಯುತ್ ಯಂತ್ರ ಅಗ್ಗ, ಹಗುರ. ಗಿಡಮರಗಳಿರುವ ಅಂಗಳದಲ್ಲಿ ಮಾತ್ರ ಅದು ಬರೀ ತಲೆನೋವು.

ಶಬ್ದದ ಮಾತಿಗೆ ಬಂದರೆ ಪೆಟ್ರೋಲ್ ಯಂತ್ರ ಸುಮಾರು 90 ಡೆಸಿಬೆಲ್‌ನಷ್ಟು ಅರಚುತ್ತದೆ, ಕಿವಿಗೆ ರಕ್ಷಣೆ ಬೇಕು. ಹೊಗೆಯೂ ಕಡಿಮೆಯಿಲ್ಲ. ವಾಣಿಜ್ಯ ಬಳಕೆಯ ಪೆಟ್ರೋಲ್ ಯಂತ್ರವೊಂದು ಒಂದು ಗಂಟೆಯಲ್ಲಿ ಉಗುಳುವ, ಹೊಗೆಮಂಜಿಗೆ ಕಾರಣವಾಗುವ ಮಾಲಿನ್ಯ ಹೊಸ ಕಾರೊಂದು ಸುಮಾರು 300 ಮೈಲಿ ಓಡಿದ್ದಕ್ಕೆ ಸಮ ಎಂಬುದು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕ. ಆ ರಾಜ್ಯ 2021ರಲ್ಲೇ ಕಾನೂನು ಮಾಡಿತು, 2024ರಿಂದ ಇಂಥ ಹೊಸ ಎಂಜಿನ್ನುಗಳಿಗೆ ಹೊಗೆರಹಿತ ಮಾನದಂಡ ಜಾರಿಗೆ ಬಂತು. ಮನೆಯಲ್ಲಿರುವ ಹಳೆಯದನ್ನು ಬಳಸಲು ಅಡ್ಡಿಯಿಲ್ಲ. ಬ್ಯಾಟರಿಯ ವಿದ್ಯುತ್ತೂ ಎಲ್ಲೋ ಒಂದು ಕಡೆ ಹೊಗೆ ಬಿಟ್ಟೇ ಬಂದಿರಬಹುದು, ಆದರೆ ಆ ಹೊಗೆ ಯಂತ್ರ ತಳ್ಳುವವನ ಮೂಗಿಗೆ ಬರುವುದಿಲ್ಲವಲ್ಲ.

ಅಂಗಳ ಮುಕ್ಕಾಲು ಎಕರೆ ದಾಟಿದರೆ, ಹುಲ್ಲು ದಟ್ಟವಾಗಿ ನುಗ್ಗಿ ಬರುವ ನೆಲವಾದರೆ, ಪೆಟ್ರೋಲಿಗೆ ನಾನೂ ತಲೆಬಾಗುತ್ತೇನೆ. ಡಬ್ಬಿಯಿಂದ ಸುರಿದರೆ ನಿಮಿಷದಲ್ಲಿ ಮತ್ತೆ ಕೆಲಸ ಶುರು. ಅಂಗಳ ತೀರಾ ಚಿಕ್ಕದಾದರೆ ಎರಡೂ ಬೇಡ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದ, ಸುರುಳಿ ಬ್ಲೇಡುಗಳ ಯಂತ್ರದ ವಂಶ ಇನ್ನೂ ಅಳಿದಿಲ್ಲ. ಕೈಯಲ್ಲಿ ತಳ್ಳಿದರೆ ಕತ್ತರಿಸುತ್ತದೆ. ಒಂದೆರಡು ವಾರ ಸೋಮಾರಿತನ ಮಾಡಿದಿರೋ, ಉದ್ದ ಹುಲ್ಲನ್ನು ಕತ್ತರಿಸುವ ಬದಲು ಮಲಗಿಸಿಕೊಂಡು ಹೋಗುತ್ತದೆ.