ಸ್ತನ ಕ್ಯಾನ್ಸರ್ ಸಂಶೋಧನೆಯ ಹಣ: ರೋಗಿಗಳಿಗೂ ಮತ ಇರಬೇಕೇ?

ಅಮೆರಿಕದ ಸೂಸನ್ ಜಿ. ಕೋಮೆನ್ ಸಂಸ್ಥೆ ಶುರುವಾಗಿದ್ದು 1982ರಲ್ಲಿ. ಸ್ತನ ಕ್ಯಾನ್ಸರ್‌ನಿಂದ 36ನೇ ವಯಸ್ಸಿಗೇ ತೀರಿಕೊಂಡ ಅಕ್ಕನ ಹೆಸರಿನಲ್ಲಿ ತಂಗಿ ನ್ಯಾನ್ಸಿ ಬ್ರಿಂಕರ್ ಅದನ್ನು ಕಟ್ಟಿದರು. ಜನ ಕೊಟ್ಟ ದೇಣಿಗೆಯಿಂದ ಇಲ್ಲಿಯವರೆಗೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ಹಣ ಸಂಶೋಧನೆಗೆ ಹೋಗಿದೆ. ಸಂಶೋಧನೆಗೆ ಹಣ ಕೇಳಿ ಬಂದ ಅರ್ಜಿಗಳಿಗೆ ಅಂಕ ಹಾಕಿ ತೂಗಿ ನೋಡುವಾಗ ಅಲ್ಲಿ ವಿಜ್ಞಾನಿಗಳ ಜೊತೆ ರೋಗಿಗಳ ಪರವಾಗಿ ಮಾತಾಡುವವರೂ ಕೂರುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ ನಡೆಸುವ ಸ್ತನ ಕ್ಯಾನ್ಸರ್ ಸಂಶೋಧನಾ ಯೋಜನೆಯಲ್ಲಂತೂ ಕ್ಯಾನ್ಸರ್ ಅನುಭವಿಸಿದವರ ಮತಕ್ಕೆ ವಿಜ್ಞಾನಿಗಳ ಮತದಷ್ಟೇ ತೂಕ. ಇದು ಸರಿಯೇ?

ಪರ

ಬೇಕೇ ಬೇಕು. ದುಡ್ಡು ಎಲ್ಲಿಂದ ಬಂತು ಅಂತ ಮೊದಲು ನೋಡಿ. ಅಮ್ಮನನ್ನೋ ಅಕ್ಕನನ್ನೋ ಕಳೆದುಕೊಂಡವರು ಓಟ ಏರ್ಪಡಿಸಿ, ಚಂದಾ ಎತ್ತಿ ಕೂಡಿಸಿದ ದುಡ್ಡು ಅದು. ರಕ್ಷಣಾ ಇಲಾಖೆಯ ಹಣವೂ ಸುಮ್ನೆ ಬರಲಿಲ್ಲ. 1991ರಲ್ಲಿ ಹುಟ್ಟಿದ ರಾಷ್ಟ್ರೀಯ ಸ್ತನ ಕ್ಯಾನ್ಸರ್ ಒಕ್ಕೂಟದ ಹೆಂಗಸರು ಅಮೆರಿಕದ ಸಂಸತ್ತಿನ ಬೆನ್ನು ಬಿದ್ದಿದ್ದಕ್ಕೆ 1993ರ ಬಜೆಟ್‌ನಲ್ಲಿ 21 ಕೋಟಿ ಡಾಲರ್ ಸಿಕ್ಕಿತು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅರ್ಜಿ ಕೈಗೆ ಬಂದಾಗ ವಿಜ್ಞಾನಿ ನೋಡುವುದು ಪ್ರಯೋಗ ಗಟ್ಟಿಯಾಗಿದೆಯಾ, ಆ ಲ್ಯಾಬ್‌ನಿಂದ ಇದು ಆಗುತ್ತದಾ ಅಂತ. ಕೀಮೋ ಮುಗಿಸಿ ಬಂದವರು ಕೇಳುವುದೇ ಬೇರೆ. ಟ್ರಯಲ್‌ಗೆ, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗಕ್ಕೆ, ಸೇರಿದವರು ಎಷ್ಟು ಸಲ ಚುಚ್ಚಿಸಿಕೊಂಡು ಬಯಾಪ್ಸಿಗೆ ಮೈಯ ಚೂರು ತೆಗೆಸಿಕೊಳ್ಳಬೇಕು? ಬೆನ್ನುಮೂಳೆಗೆ ಹರಡಿ ಕೂರಲೂ ಆಗದವರನ್ನು ವಾರ ವಾರ ಆಸ್ಪತ್ರೆಗೆ ಕರೆದರೆ ಹೇಗೆ ಬರುತ್ತಾರೆ? ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಇದನ್ನೆಲ್ಲ ಕೇಳದೆ ಹಣ ಕೊಟ್ಟರೆ ಟ್ರಯಲ್‌ಗೆ ಜನವೇ ಸೇರುವುದಿಲ್ಲ. ಅರ್ಧಕ್ಕೆ ನಿಲ್ಲುತ್ತದೆ, ದುಡ್ಡೂ ಹೋಗುತ್ತದೆ.

ಜೀವ ತೆಗೆಯುವುದು ಮೂಳೆ, ಲಿವರ್, ಶ್ವಾಸಕೋಶ, ಮೆದುಳಿಗೆ ಹರಡಿದ ಕ್ಯಾನ್ಸರ್. ಆದರೂ 2000ದಿಂದ 2013ರವರೆಗಿನ ಸಂಶೋಧನಾ ಹಣದಲ್ಲಿ ಅದರ ಪಾಲು ಬರೀ ಶೇ. 7 ಎಂದು ಲೆಕ್ಕ ಹಾಕಿ ಎದುರಿಗಿಟ್ಟಿದ್ದು ರೋಗಿಗಳ ಪರ ಸಂಘಟನೆಗಳ ಕೂಟ. ಅಷ್ಟು ವರ್ಷ ಅರ್ಜಿ ಓದಿದ ಪಂಡಿತರಿಗೆ ಇದು ಕಾಣಬೇಕಿತ್ತು, ಅಲ್ವಾ?

'ರೋಗಿಗಳಿಗೆ ವಿಜ್ಞಾನ ಗೊತ್ತಿಲ್ಲ' ಅನ್ನುವವರು ಇನ್ನೊಂದು ಸಂಗತಿ ಗಮನಿಸಲಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 43 ಪರಿಣತರು 25 ಅರ್ಜಿಗಳನ್ನು ಹಂಚಿಕೊಂಡು ಓದಿದ್ದರು. ಒಂದೇ ಅರ್ಜಿಗೆ ಒಬ್ಬರು ಹಾಕಿದ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ತಾಳೆಯೇ ಆಗಲಿಲ್ಲ. ಬಲ್ಲವರ ಅಂಕವೇ ಹೀಗಿರುವಾಗ, ಒಂದು ಮತ ಕೊಟ್ಟ ಮಾತ್ರಕ್ಕೆ ವಿಜ್ಞಾನ ಕೆಟ್ಟುಹೋಗುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ.

ವಿರೋಧ

ಕ್ಯಾನ್ಸರ್ ಅನುಭವಿಸಿದವರ ಮಾತು ಕೇಳಲೇಬೇಕು. ಆದರೆ ಅಂಕ ಹಾಕುವ ಕೆಲಸ ಬೇರೆ.

1990ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಚಿಕಿತ್ಸೆಯ ಮೇಲೆ ಎಲ್ಲರೂ ಆಸೆ ಇಟ್ಟಿದ್ದರು. ವಿಪರೀತ ಡೋಸಿನ ಕೀಮೋ ಕೊಟ್ಟು, ಮೊದಲೇ ತೆಗೆದಿಟ್ಟ ರೋಗಿಯದೇ ಮೂಳೆ ಮಜ್ಜೆಯನ್ನು ವಾಪಸ್ ಹಾಕುವುದು. ವೈದ್ಯರೂ ನಂಬಿದರು. ವಿಮೆ ಕಂಪನಿಗಳು ದುಡ್ಡು ಕೊಡಲ್ಲ ಅಂದಾಗ ರೋಗಿಗಳು ಕೋರ್ಟಿಗೆ ಹೋದರು. ಸಾವಿರಾರು ಹೆಂಗಸರು ಈ ಚಿಕಿತ್ಸೆ ಮಾಡಿಸಿಕೊಂಡರು. ಆದರೆ ಮಾಮೂಲಿ ಕೀಮೋ ಜೊತೆ ಹೋಲಿಸಿ ನೋಡುವ ಟ್ರಯಲ್‌ಗೆ ಜನ ಸಿಗುವುದೇ ಕಷ್ಟವಾಯಿತು. ಮಾಮೂಲಿ ಕೀಮೋ ಗುಂಪಿಗೆ ಬೀಳಲು ಯಾರಿಗೆ ತಾನೇ ಇಷ್ಟ? 1999ರಲ್ಲಿ ಟ್ರಯಲ್‌ಗಳ ಫಲಿತಾಂಶ ಬಂತು. ಇದರಿಂದ ಜಾಸ್ತಿ ಕಾಲ ಬದುಕಿದ್ದಕ್ಕೆ ಪುರಾವೆ ಸಿಗಲಿಲ್ಲ. ಲಾಭ ಇದೆ ಎಂದಿದ್ದ ದಕ್ಷಿಣ ಆಫ್ರಿಕದ ವರ್ನರ್ ಬೆಜ್ವೋಡಾ ಅವರ ಅಧ್ಯಯನದಲ್ಲಿ ಮೋಸ ನಡೆದಿತ್ತೆಂದು 2000ದಲ್ಲಿ ಬಯಲಾಯಿತು. ಆ ಹೆಂಗಸರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಸಾವು ಬಾಗಿಲಿಗೆ ಬಂದಾಗ ಅವಸರ ಆಗದೆ ಇರುತ್ತದೆಯೇ? ಆ ಅವಸರ ಅಂಕದ ಹಾಳೆಯ ಮೇಲೆ ಬರಬಾರದು ಅನ್ನುವುದಷ್ಟೇ ನನ್ನ ಮಾತು.

ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ಕೆಲಸ ನೋಡಿ. ಮನೆತನದಲ್ಲಿ ಹರಿದು ಬರುವ ಸ್ತನ ಕ್ಯಾನ್ಸರ್‌ಗೆ ಒಂದು ಜೀನ್ ಕಾರಣ ಇರಬಹುದೆಂದು ಅವರು 1970ರ ದಶಕದಲ್ಲೇ ಹುಡುಕಾಟ ಶುರು ಮಾಡಿದರು. 17ನೇ ಕ್ರೋಮೋಸೋಮ್‌ನಲ್ಲಿ ಅದರ ಜಾಗ ತೋರಿಸಿದ್ದು 1990ರಲ್ಲಿ. ಬಿಆರ್‌ಸಿಎ1 ಎಂಬ ಆ ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ. ಇಂಥ ಜೀನ್ ಕೆಟ್ಟುಹೋಗಿರುವ ಜೀವಕೋಶಗಳನ್ನೇ ಔಷಧದಿಂದ ಗುರಿ ಮಾಡಬಹುದೆಂದು 2005ರಲ್ಲಿ ತಿಳಿಯಿತು. ಆ ದಾರಿಯಲ್ಲಿ ಬಂದ ಓಲಾಪರಿಬ್ ಮಾತ್ರೆಗೆ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗಾಗಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. 1980ರಲ್ಲಿ ಒಬ್ಬ ರೋಗಿ 'ಇದರಿಂದ ನನಗೇನು ಉಪಯೋಗ?' ಅಂತ ಕೇಳಿದ್ದರೆ, ಏನೂ ಇಲ್ಲ ಅನ್ನಬೇಕಿತ್ತು. ಆ ಉತ್ತರಕ್ಕೆ ಅಂಕ ಎಷ್ಟು ಬೀಳುತ್ತಿತ್ತು?

ಅರ್ಜಿ ತೂಗುವ ಕಡೆ ರೋಗಿಗಳಿಗೆ ಇಟ್ಟ ಕುರ್ಚಿ ಸಿಗುವುದಾದರೂ ಯಾರಿಗೆ? ಅರ್ಜಿಗಳ ಕಂತೆ ಓದಲು ಬಿಡುವು, ಓದು, ಮೈಯಲ್ಲಿ ತ್ರಾಣ ಮೂರೂ ಇರುವವರಿಗೆ. ಅಮೆರಿಕದಲ್ಲಿ ಕಪ್ಪು ಹೆಂಗಸರು ಈ ರೋಗದಿಂದ ಸಾಯುವ ಪ್ರಮಾಣ ಬಿಳಿಯ ಹೆಂಗಸರಿಗಿಂತ ಸುಮಾರು ಶೇ. 40 ಜಾಸ್ತಿ. ಅವರಲ್ಲಿ ದಿನಗೂಲಿ ಬಿಟ್ಟು ಬರಲಾಗದವರ ದನಿಯನ್ನು ಒಬ್ಬಿಬ್ಬರು ತರಲಾರರು.

ಶೇ. 7ರ ಲೆಕ್ಕ ನಿಜವಾಗಿಯೂ ನಾಚಿಕೆಗೇಡು. ಅದಕ್ಕೆ ಮದ್ದು ಅರ್ಜಿ ಕರೆಯುವ ಮುಂಚೆಯೇ ಆಗಬೇಕು. ಹರಡಿದ ಕ್ಯಾನ್ಸರ್‌ಗೆ ಇಷ್ಟು ಪಾಲು ಅಂತ ರೋಗಿಗಳೇ ಕೂತು ಗೊತ್ತು ಮಾಡಲಿ. ಬಯಾಪ್ಸಿ ಎಷ್ಟು ಸಲ ಅನ್ನುವುದನ್ನೂ ಅವರೇ ತಿದ್ದಲಿ. ವಿಜ್ಞಾನಿಗಳ ಅಂಕ ತಾಳೆಯಾಗುವುದಿಲ್ಲ ಅನ್ನುವುದೂ ನಿಜವೇ. ಹಾಗಾದರೆ ಒಂದೊಂದು ಅರ್ಜಿಯನ್ನು ಮೂವರ ಬದಲು ಹತ್ತು ಮಂದಿ ವಿಜ್ಞಾನಿಗಳಿಗೆ ಓದಲು ಕೊಡಿ.